ಆಫರ್ ಅಂತ ಹೇಳಿದ ಸುಳ್ಳು

"ನನ್ನ ಫೋನಿಗೆ ಯಾರೋ ದುಡ್ಡು ಹಾಕ್ತಿದ್ದಾರೆ, ಮುನೈಮ್. ಯಾರು, ಹೇಳು."

ಘಿಜ್ಲಾನ್ ನನ್ನ ಅಂಗಡಿಯ ಗಾಜಿನ ಕೌಂಟರ್ ಮೇಲೆ ಎರಡೂ ಮೊಣಕೈ ಊರಿ ನಿಂತಿದ್ದಳು. ಬೆರಳಿಗೆ ಹಸಿರು ರೇಷ್ಮೆದಾರ ಸುತ್ತಿಕೊಂಡೇ ಬಂದಿದ್ದಳು. ಜೆಲ್ಲಾಬಾ ನಿಲುವಂಗಿಗೆ ದಾರದ ಗುಂಡಿ ಕಟ್ಟುವುದು ಅವಳ ಕೆಲಸ. ನಮ್ಮ ಸೆಫ್ರೂ ಊರಿನ ಅದೆಷ್ಟೋ ಹೆಣ್ಣುಮಕ್ಕಳ ಕೆಲಸ. ಹುಬ್ಬು ಗಂಟಿಕ್ಕಿದ್ದಳು, ತುಟಿ ಮಾತ್ರ ನಗು ತಡೆಯೋಕೆ ಒದ್ದಾಡುತ್ತಿತ್ತು.

"ಕಂಪನಿ ಆಫರ್ ಇರಬೇಕು," ಅಂದೆ.

"ನನಗೊಬ್ಬಳಿಗೇನಾ?"

"ಅದೃಷ್ಟ ಇದ್ದೋರಿಗೆ ಬರುತ್ತೆ."

"ಓಹೋ! ಹಾಗಾದ್ರೆ ನಿನ್ನ ಕಿವಿ ಯಾಕೆ ಕೆಂಪಗಾಯ್ತು? ಅದೂ ಕಂಪನಿಯವರ ಆಫರ್ರಾ?"

ಹಾಕುತ್ತಿದ್ದವನು ನಾನೇ, ಆದರೂ ಆಣೆ ಮಾಡಿ ಆಫರ್ ಅಂತಲೇ ನಂಬಿಸಿ ಕಳಿಸಿದೆ. ರೀಚಾರ್ಜ್ ಅಂಗಡಿ ಇಟ್ಟುಕೊಂಡವನಿಗೆ ಅದೇನು ದೊಡ್ಡ ಕಷ್ಟ? ನಾನಾಗಿ ಅವಳಿಗೆ ಫೋನ್ ಮಾಡುವಂತಿರಲಿಲ್ಲ, ರಿಂಗಾದರೆ ಅವಳಮ್ಮನಿಗೆ ಕೇಳಿಸುತ್ತೆ. ಮಧ್ಯಾಹ್ನ ಅಮ್ಮ ಮಲಗಿದ ಹೊತ್ತು ನೋಡಿ ಅವಳೇ ಮಾಡಬೇಕು. ಅವಳು ಹಾಕಿಸುವ ಐದು ದಿರ್ಹಮ್ ಮಾತು ಕುದುರುವಷ್ಟರಲ್ಲಿ ಖಾಲಿ. ಅದಕ್ಕೇ ದಿನ ಬಿಟ್ಟು ದಿನ ಇಪ್ಪತ್ತು ಹಾಕುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಗುಂಡಿ ಕಟ್ಟುತ್ತಾ ಅವಳು ಮಾತಾಡುತ್ತಿದ್ದಳು. ಗಂಟು ಬಿಗಿಯುವಾಗ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದಳು. ಆ ಮೌನ ಕೇಳಿಸಿಕೊಳ್ಳೋಕೇ ನಾನು ಗಿರಾಕಿಗಳನ್ನು ಕಾಯಿಸುತ್ತಿದ್ದೆ. ಚಳಿಗಾಲವೆಲ್ಲ ಹೀಗೇ ಕಳೆಯಿತು.

ಫೆಬ್ರವರಿಯಲ್ಲಿ ಒಂದು ದಿನ ಅವಳಮ್ಮ ಯಾಮ್ನಾ, ಬೀದಿಯವರಿಗೆಲ್ಲ 'ಖಾಲ್ತಿ' ಅಂದರೆ ಚಿಕ್ಕಮ್ಮ, ಅದೇ ಫೋನ್ ಹಿಡಿದುಕೊಂಡು ಅಂಗಡಿಗೆ ಬಂದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗುತ್ತಿತ್ತು. ಪ್ರತಿ ತಿಂಗಳು ಫೆಸ್ ನಗರದ ಆಸ್ಪತ್ರೆಯಲ್ಲಿ ಕಣ್ಣಿಗೆ ಇಂಜೆಕ್ಷನ್. ಬಡವರ ಉಚಿತ ಚಿಕಿತ್ಸೆಯ ಪಟ್ಟಿಯಲ್ಲಿ ಹೆಸರಿತ್ತು, ಹಾಗಾಗಿ ಬದುಕಿಕೊಂಡಿದ್ದರು.

"ಮಗಳು ಗುಂಡಿ ಕೊಡೋಕೆ ದರ್ಜಿ ಹತ್ರ ಹೋಗಿದ್ದಾಳೆ. ಇದೇನೋ ಮೆಸೇಜ್ ಬಂದಿದೆ, ಸ್ವಲ್ಪ ಓದಪ್ಪ."

ಓದಿದೆ. ನಿಮ್ಮ ಕುಟುಂಬದ ಅಂಕ ಮಿತಿ ದಾಟಿದೆ, ಬರುವ ತಿಂಗಳಿಂದ ಉಚಿತ ಚಿಕಿತ್ಸೆ ಇಲ್ಲ.

ಪರೀಕ್ಷೆಯಲ್ಲಿ ಅಂಕ ಏರಿದರೆ ಸಿಹಿ ಹಂಚುತ್ತಾರೆ. ಇದು ಬೇರೆ ಅಂಕ. ಮನೆಯಲ್ಲಿ ಏನಿದೆ, ಎಷ್ಟು ಖರ್ಚು ಮಾಡುತ್ತೀರಿ ಅಂತ ನೋಡಿ ಸರ್ಕಾರ ಹಾಕುವುದು. ಇದು ಏರಿದರೆ ನೀವು ಬಡವರಲ್ಲ.

ಖಾಲ್ತಿ ಬಾಯ್ತುಂಬ ನಕ್ಕರು. "ನಾವು ಶ್ರೀಮಂತರಾಗಿಬಿಟ್ವಾ? ಅಯ್ಯೋ, ನನಗೆ ಯಾರೂ ಹೇಳ್ಲೇ ಇಲ್ವಲ್ಲ!"

ಮರುದಿನ ಘಿಜ್ಲಾನ್ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಳು.

"ಫೋನಂತೆ ಮುನೈಮ್! ಈ ನಂಬರಿಗೆ ತುಂಬ ರೀಚಾರ್ಜ್ ಆಗಿದೆಯಂತೆ. ಆ ಹಾಳು ಆಫರ್! ನೋಡು, ಇದು ನಾವು ಹಾಕಿಸಿದ್ದಲ್ಲ ಅಂತ ಕಂಪನಿಯವರಿಂದ ಒಂದು ಚೀಟಿ ಬರೆಸಿಕೊಡ್ತೀಯಾ? ನಿನಗೆ ಅಲ್ಲಿಯವರ ಪರಿಚಯ ಇದೆಯಲ್ಲ?"

ಅವಳು ನನ್ನನ್ನೇ ನೋಡುತ್ತಿದ್ದಳು, ಪೂರ್ತಿ ನಂಬಿಕೆಯಿಂದ.

"ನೋಡ್ತೀನಿ," ಅಂದೆ.

ಥೂ ನನ್ನ! ನೋಡ್ತೀನಂತೆ! ನಾನು ಹಾಕಿದ್ದು ಅಂತ ಹೇಳಿದರೆ ಬೀದಿಯೆಲ್ಲ ಅವಳ ಹೆಸರು ಆಡಿಕೊಳ್ಳುತ್ತೆ, ಅವಳ ಮಾನ ಕಾಪಾಡುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಬರೀ ಬೊಗಳೆ. ಅವಳು ನನ್ನ ಮುಖ ನೋಡದೆ ಹೋದರೆ ಅನ್ನುವ ಹೆದರಿಕೆ ನನಗೆ, ಅಷ್ಟೇ.

ಇಂಜೆಕ್ಷನ್‌ಗೆ ನಾನು ಕೊಡ್ತೀನಿ ಅಂದೆ. "ಹೊರಗಿನವರ ದುಡ್ಡು ಬೇಡ," ಅಂದಳು. "ಚೀಟಿ ಬರಲಿ, ಸಾಕು."

ಪ್ರತಿ ವಾರ ಬಂದು ಕೇಳುತ್ತಿದ್ದಳು. ಪ್ರತಿ ವಾರ ಒಂದೊಂದು ನೆಪ ಹೇಳಿದೆ. ಸಾಹೇಬರು ರಜೆ ಅಂದೆ, ಕಂಪ್ಯೂಟರ್ ಕೆಟ್ಟಿದೆ ಅಂದೆ. ಮಾರ್ಚಿನ ಇಂಜೆಕ್ಷನ್ ತಪ್ಪಿತು. ಏಪ್ರಿಲಿನದೂ ತಪ್ಪಿತು.

ಮೇ ತಿಂಗಳಲ್ಲಿ ಖಾಲ್ತಿ ನನಗೆ ಅಂತ ಬಿಸಿ ರೊಟ್ಟಿ ತಂದರು. ತಟ್ಟೆಯನ್ನು ಗಾಜಿನ ಮೇಲೆ ಇಡಲು ಹೋಗಿ, ಒಂದು ಗೇಣು ಈಚೆಗೆ, ಗಾಳಿಯಲ್ಲೇ ಬಿಟ್ಟರು. ರೊಟ್ಟಿ ಮಣ್ಣುಪಾಲಾಯಿತು. "ಅಯ್ಯೋ ನನ್ನ ಕೈ!" ಅಂದರು.

ಜೊತೆಗೆ ಬಂದಿದ್ದ ಘಿಜ್ಲಾನ್ ಬಗ್ಗಿ ರೊಟ್ಟಿ ಎತ್ತಿಕೊಂಡಳು, ಬಿದ್ದ ಅನ್ನಕ್ಕೆ ಮರ್ಯಾದೆ ಅಂತ ಮುತ್ತಿಟ್ಟು ಪಕ್ಕಕ್ಕಿಟ್ಟಳು. ಅಮ್ಮನನ್ನು ಮನೆಗೆ ಬಿಟ್ಟು ವಾಪಸ್ ಬಂದಳು. "ಕೈ ಅಲ್ಲ. ಬಲಗಣ್ಣು ಹೋಯ್ತು ಮುನೈಮ್. ಎಡಗಣ್ಣಾದ್ರೂ ಉಳಿಸ್ಕೊಳ್ಳಿ ಅಂದ್ರು ಡಾಕ್ಟರು."

ಆಗ ಬಾಯಿಬಿಟ್ಟೆ. ಆಫರ್ ಇರಲಿಲ್ಲ, ನಾನೇ ಹಾಕಿದ್ದು, ನಿನ್ನ ಮಾತು ಕೇಳೋ ಆಸೆಗೆ. ಎಲ್ಲ ಹೇಳಿದೆ.

ನನ್ನನ್ನು ರೇಗಿಸುವ ಆ ಕಣ್ಣಲ್ಲಿ ಈಗ ನಾನು ಯಾರೋ ಪರದೇಶಿ.

"ದುಡ್ಡು ಹಾಕಿದ್ದು ಗೊತ್ತಿಲ್ದೆ ಮಾಡಿದ್ದು, ಬಿಡು. ಆದ್ರೆ ಮೂರು ತಿಂಗಳು ನಾನು ಚೀಟಿಗೆ ಅಲೆದೆ. ನೀನು ನೋಡ್ತಾ ಕೂತಿದ್ದೆ."

"ತಪ್ಪಾಯ್ತು."

"ನನ್ನ ಹತ್ರ ಹೇಳಿದ್ದು ಸಾಲದು. ನಾಳೆ ಕಚೇರಿಯಲ್ಲಿ ಎಲ್ಲರ ಎದುರು ಹೇಳು."

"ಜನ ನಿನ್ನನ್ನ..."

"ನನ್ನ ಮಾನದ ಚಿಂತೆ ನಿನಗೆ ಬೇಡ. ಅಮ್ಮನಿಗೆ ಇನ್ನೊಂದು ಕಣ್ಣಿದೆ."

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ನಮ್ಮ ಬೀದಿಯ ಅರ್ಧ ಜನ ಸಾಲಲ್ಲಿದ್ದರು. ಖಾಲ್ತಿ ಬೆಂಚಿನ ಮೇಲೆ ಕೂತಿದ್ದರು, ಘಿಜ್ಲಾನ್ ನನ್ನ ಪಕ್ಕದಲ್ಲೇ ನಿಂತಿದ್ದಳು. ಕಿಟಕಿಯ ಪಕ್ಕದಲ್ಲಿ ಸೀ ಲಹ್ಸೆನ್, ನಮ್ಮ ಮೊಹಲ್ಲಾದ ಮುಖದ್ದಮ್. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಅಂತ ಗೊತ್ತಿರೋ ಸರ್ಕಾರಿ ಮನುಷ್ಯ.

"ಆ ರೀಚಾರ್ಜ್ ಎಲ್ಲ ನಾನು ಹಾಕಿದ್ದು," ಅಂದೆ.

"ಗಟ್ಟಿಯಾಗಿ ಹೇಳೋ," ಅಂದ ಅವನು. "ಯಾಕೆ ಹಾಕಿದೆ?"

"ಇವಳನ್ನ ಪ್ರೀತಿಸ್ತೀನಿ. ಅದಕ್ಕೆ."

ಖಾಲ್ತಿ ಎದ್ದರು, ಕಾಲಿನ ಚಪ್ಪಲಿ ಕೈಗೆ ಬಂತು. ಬೀಸಿದರು. ಏಟು ನನ್ನ ಪಕ್ಕದ ಗಾಳಿಗೆ ಬಿತ್ತು. ಅಂದಾಜು ಸಿಗಲಿಲ್ಲ ಅವರಿಗೆ. ನಕ್ಕವರೂ ಅರ್ಧಕ್ಕೇ ನಿಲ್ಲಿಸಿದರು. ನಾನು ಒಂದು ಹೆಜ್ಜೆ ಎಡಕ್ಕೆ ಸರಿದು, ತಲೆ ತಗ್ಗಿಸಿ ನಿಂತೆ. ಎರಡನೇ ಏಟು ಸರಿಯಾಗಿ ಬಿತ್ತು. ಮೂರನೆಯದಕ್ಕೆ ಎತ್ತಿದ ಕೈ ಇಳಿಸಿ ಅವರು ಅಳತೊಡಗಿದರು.

ಸೀ ಲಹ್ಸೆನ್ ಪೆನ್ನು ತೆಗೆದ. "ಅರ್ಜಿ ಬರ್ಕೋತೀನಿ. ನಂಬರ್ ಬದಲಾಯಿಸಿ. ಅಂಕ ಇಳಿಯೋಕೆ ಎರಡು ಮೂರು ತಿಂಗಳಾದ್ರೂ ಬೇಕು."

ಹೊರಗೆ ಬಂದಾಗ ಘಿಜ್ಲಾನ್ ನನ್ನ ಕಡೆ ನೋಡದೆಯೇ ಹೇಳಿದಳು. "ಅಷ್ಟು ದಿನ ಕಾಯೋಕಾಗಲ್ಲ. ನಿನ್ನ ಸ್ಕೂಟರ್ ಮಾರಿ ಇಂಜೆಕ್ಷನ್ ದುಡ್ಡು ತಾ. ಮಂಗಳವಾರ ಏಳು ಗಂಟೆಗೆ ಟ್ಯಾಕ್ಸಿ ಸ್ಟ್ಯಾಂಡಿಗೆ ಬಾ."

"ಕ್ಷಮಿಸಿದೆಯಾ?"

"ಇಲ್ಲ. ಏಳು ಗಂಟೆ ಅಂದ್ರೆ ಏಳು ಗಂಟೆ."

ಸ್ಕೂಟರ್ ಮಾರಿದ ದುಡ್ಡು ಜೇಬಲ್ಲಿಟ್ಟುಕೊಂಡು ಆರೂವರೆಗೇ ಹೋಗಿ ನಿಂತೆ. ಫೆಸ್‌ವರೆಗೂ ಅವಳು ಟ್ಯಾಕ್ಸಿಯ ಕಿಟಕಿಯಾಚೆಗೇ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಿಗೆ ಬಂದು, ಖಾಲ್ತಿಯ ಜೊತೆ ಒಬ್ಬರು ಮಾತ್ರ ಒಳಗೆ ಬನ್ನಿ ಅಂದಳು. ನಾನು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತೆ.

"ನೀನು ಹೋಗು," ಅಂದಳು ಘಿಜ್ಲಾನ್. ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿದಳು. "ಕೈ ಹಿಡ್ಕೋ. ಸೂಜಿ ಹೇಗೆ ಹೋಗುತ್ತೆ ಅಂತ ನೋಡು. ತಲೆ ತಿರುಗಿಸ್ಬೇಡ. ಪ್ರತಿ ತಿಂಗಳೂ ನೀನೇ ನೋಡ್ಬೇಕು."

"ಇವರು ಪೇಷಂಟಿಗೆ ಏನಾಗ್ಬೇಕು?" ನರ್ಸ್ ಪೆನ್ನು ಹಿಡಿದು ಕೇಳಿದಳು.

"ಅಳಿಯ," ಅಂದಳು ಘಿಜ್ಲಾನ್. ಅಂದವಳೇ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದಳು.

ಒಳಗೆ ಹೋದೆ. ಖಾಲ್ತಿಯ ಕೈ ಹಿಡಿದೆ. ತಲೆ ತಿರುಗಿಸಲಿಲ್ಲ, ಸೂಜಿ ಹೋಗೋದನ್ನು ಪೂರ್ತಿ ನೋಡಿದೆ. ನನ್ನ ಕಣ್ಣೀರು ಅವರ ಮುಂಗೈ ಮೇಲೆ ಬಿದ್ದಿರಬೇಕು.

"ಅಳೋದು ನಿಲ್ಸೋ," ಅಂದರು ಅವರು. "ಚುಚ್ಚಿಸ್ಕೋತಿರೋದು ನಾನು."