ಚೂಟಿಯ ಮಣಿಸರ

ಚಟಾರ್!

ಏಟು ಬಿದ್ದದ್ದು ಮಗುವಿನ ಕೈಗಲ್ಲ, ಮಗುವನ್ನು ಶಾಲೆಗೆ ಬಿಡಲು ಬಂದಿದ್ದ ಆರಡಿ ಗಂಡಸಿನ ಕೈಗೆ!

"ಮಣಿ ಮುಟ್ಟಬೇಡಿ! ಅವಳೇ ಪೋಣಿಸ್ಲಿ," ಎಂದು ಗದರಿದ ಟೀಚರ್, ಹೊಡೆದದ್ದು ಯಾರಿಗೆ ಎಂದು ಗೊತ್ತಾದ ಕೂಡಲೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ... ಸಾರಿ! ಇಡೀ ದಿನ ಪುಟಾಣಿಗಳ ಜೊತೆ ಇದ್ದು ಇದ್ದು..."

"ಪರವಾಗಿಲ್ಲ ಮಿಸ್. ನಾನು ಟೈಲರ್. ದಿನಾ ಸೂಜಿ ಚುಚ್ಚಿಸ್ಕೊಳ್ಳೋ ಕೈಗೆ ನಿಮ್ಮ ಏಟು ಯಾವ ಲೆಕ್ಕ?"

ಅವನು ನಕ್ಕ. ಆ ನಗುವಿಗೆ ಅವಳು ಅಲ್ಲೇ ಸೋತಿದ್ದಳು. ಅದು ಅವಳಿಗೆ ಗೊತ್ತಾಗಲು ಮಾತ್ರ ಇನ್ನಷ್ಟು ದಿನ ಬೇಕಾಯಿತು, ಅಷ್ಟೇ!

ಮಗುವನ್ನು ಅವನು ಮುದ್ದಿನಿಂದ ಚೂಟಿ ಎನ್ನುತ್ತಿದ್ದ. ತೀರಿಹೋದ ಅಕ್ಕನ ಮಗಳು. ಅವಳಿಗೆ ಅಪ್ಪ, ಅಮ್ಮ ಎಲ್ಲ ಈ ಮಾಮನೇ. ಹುಟ್ಟಿನಿಂದಲೇ ಅವಳ ಬಲಗೈ ಬೆರಳುಗಳಿಗೆ ಶಕ್ತಿ ಕಡಿಮೆ.

ಅದಕ್ಕೇ ಟೀಚರ್ ಆ ಸಲದ ಕ್ರಿಸ್‌ಮಸ್ ಆಟಗಳನ್ನೆಲ್ಲ ಚೂಟಿಯ ಬೆರಳುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದಳು. ಹತ್ತಿಯ ಹಿಮವನ್ನು ಚಿಮಟದಲ್ಲಿ ಎತ್ತಿ ಬಟ್ಟಲಿಗೆ ಹಾಕುವುದು, ನಾದಿದ ಹಿಟ್ಟಿನಲ್ಲಿ ನಕ್ಷತ್ರ ಒತ್ತುವುದು, ಮರಕ್ಕೆ ತೂಗುಹಾಕಲು "ಒಂದು ಕೆಂಪು, ಒಂದು ಬಿಳಿ, ಎರಡು ಹಸಿರು" ಎಂದು ಹೇಳಿಕೊಳ್ಳುತ್ತಾ ಮಣಿಸರ ಪೋಣಿಸುವುದು. ಲೆಕ್ಕವೂ ಬರುತ್ತದೆ, ಬೆರಳೂ ಪಳಗುತ್ತದೆ. ಇದು ಪಾಠ ಅಂತ ಗೊತ್ತಾಗಿದ್ದರೆ ಒಂದು ಮಗುವೂ ಅಲ್ಲಿ ಕೂರುತ್ತಿರಲಿಲ್ಲ ಬಿಡಿ!

ಸಂಜೆ ಶಾಲೆ ಬಿಡುವ ಮೊದಲೇ ಅವನು ಬಾಗಿಲಲ್ಲಿ ಹಾಜರ್.

"ಇವತ್ತು ಎಷ್ಟು ಮಣಿ ಮಿಸ್?"

"ನಾಲ್ಕು! ದೊಡ್ಡ ಮಣಿ. ಯಾರ ಸಹಾಯನೂ ಇಲ್ದೆ!"

"ಬರೀ ನಾಲ್ಕಾ? ನಾನಾಗಿದ್ರೆ ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಸರ ಮುಗಿಸ್ತಿದ್ದೆ."

"ನಿಮಗೆ ಪೋಣಿಸೋಕೆ ಬರುತ್ತೆ ಅಂತ ಊರಿಗೇ ಗೊತ್ತು. ಸುಮ್ನೆ ನಿಂತ್ಕೊಂಡು ನೋಡೋಕೆ ಬರುತ್ತಾ?"

"ಅದೊಂದೇ ಬರಲ್ಲ... ನೀವು ಕಲಿಸಿದ್ರೆ ಕಲೀತೀನಿ."

ಅವಳ ಕೆನ್ನೆ ಬಿಸಿಯಾಯಿತು. 'ದೇವರೇ, ಇದೇನಾಗ್ತಿದೆ ನನಗೆ?'

ಒಂದು ದಿನ ಅವಳು ಚೂಟಿಯ ಕೈಗೆ ಸಣ್ಣ ಮಣಿಗಳ ಡಬ್ಬಿ ಕೊಟ್ಟು, "ಮನೇಲಿ ಆದಷ್ಟು ಪೋಣಿಸು, ಕಂದಾ," ಎಂದಳು.

ಮರುದಿನ ಬಂದದ್ದು ಪೂರ್ತಿ ಸರ! ಎಲ್ಲೂ ಒಂದು ಬಣ್ಣ ಆಚೀಚೆ ಆಗಿಲ್ಲ.

"ಚೂಟೀ! ನೀನೇ ಮಾಡಿದ್ಯಾ?"

ಮಗು ಮಾಮನ ಮುಖ ನೋಡಿತು. "ಹೌದು ಮಿಸ್, ಅವಳೇ ಮಾಡಿದ್ದು," ಎಂದ ಅವನು.

ಟೀಚರ್ ಕಣ್ಣು ತುಂಬಿಬಂತು. ಬೇರೆ ಯಾರ ಮನೆಯಿಂದಾದರೂ ಅಂಥ ಸರ ಬಂದಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು. ಆದರೆ ಹೇಳಿದವನು ಅವನಾಗಿದ್ದ. ಪ್ರೀತಿ ಕುರುಡು ಅಂತ ಸುಮ್ಮನೆ ಹೇಳುತ್ತಾರೆಯೇ?

ಕ್ರಿಸ್‌ಮಸ್ ಕಾರ್ಯಕ್ರಮದ ದಿನ ಪೋಷಕರೆಲ್ಲ ಸುತ್ತ ಕೂತಿದ್ದರು. ಟೀಚರ್ ಹೆಮ್ಮೆಯಿಂದ ಚೂಟಿಯ ಮುಂದೆ ಅದೇ ಸಣ್ಣ ಮಣಿಗಳನ್ನಿಟ್ಟಳು.

ಮೊದಲ ಮಣಿ ಜಾರಿತು. ಎರಡನೆಯದೂ ಜಾರಿತು. ಡಬ್ಬಿಯೇ ಮಗುಚಿ ಮಣಿಗಳೆಲ್ಲ ನೆಲದ ಪಾಲಾದವು. ಯಾರೋ ಕಿಸಕ್ಕೆಂದರು...

ಚೂಟಿ ಮೇಜಿನ ಕೆಳಗೆ ತೂರಿಕೊಂಡಳು. "ನಂಗೆ ಬರಲ್ಲ! ನಂಗೆ ಏನೂ ಬರಲ್ಲ!"

ಅವನು ಓಡಿಬಂದು ಮಗುವನ್ನು ಬಾಚಿ ಎತ್ತಿಕೊಂಡ. "ಇಷ್ಟು ಜನರ ಮುಂದೆ ಮಗೂನ ನಗೆಪಾಟಲು ಮಾಡಿದ್ರಲ್ಲ! ನೀವೂ ಒಬ್ಬ ಟೀಚರಾ?"

ಮಗುವನ್ನೆತ್ತಿಕೊಂಡೇ ಅವನು ಹೊರಟುಹೋದ.

ಆಮೇಲೆ ಚೂಟಿ ಶಾಲೆಗೆ ಬರಲಿಲ್ಲ. ಅವನೂ ಬರಲಿಲ್ಲ. ಸಂಜೆಯಾದರೆ ಅವಳ ಕಣ್ಣು ತಾನಾಗಿಯೇ ಬಾಗಿಲಿಗೆ ಹೋಗುತ್ತಿತ್ತು. 'ಆ ಕೈಗೆ ಆಗದ್ದನ್ನ ನಾನ್ಯಾಕೆ ಕೊಟ್ಟೆ? ಅವರು ಹೇಳಿದ್ದರಲ್ಲಿ ತಪ್ಪೇನಿದೆ?'

"ನನ್ನನ್ನ ಆಫೀಸಿಗೆ ಹಾಕ್ಬಿಡಿ. ಮಕ್ಕಳ ಹತ್ತಿರ ಬೇಡ," ಎಂದು ಹೆಡ್‌ಮಿಸ್ಟ್ರೆಸ್ ಮುಂದೆ ಅತ್ತಳು.

"ಹುಚ್ಚಿ! ಎಡವಿದ ಮಾತ್ರಕ್ಕೆ ಯಾರಾದ್ರೂ ಕಾಲು ಕತ್ತರಿಸ್ಕೋತಾರಾ?" ಎಂದು ಅವರು ತಲೆ ಸವರಿದರು. ಅವಳ ಅಳು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅವಳು ಖಾಲಿ ತರಗತಿಯಲ್ಲಿ ಕಿಟಕಿಯ ಬಣ್ಣದ ಕಾಗದಗಳನ್ನು ಬಿಚ್ಚುತ್ತಿದ್ದಾಗ ಅವನು ಒಬ್ಬನೇ ಬಂದ. ಗಡ್ಡ ಬೆಳೆದಿತ್ತು.

"ಮಿಸ್... ಆ ಸರ ಪೋಣಿಸಿದ್ದು ನಾನು."

ಅವಳು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತಳು.

"ಒಂದೊಂದು ಮಣಿಗೂ ಅವಳು ಒದ್ದಾಡೋದನ್ನ ನನ್ನ ಕೈಲಿ ನೋಡೋಕಾಗ್ಲಿಲ್ಲ. ನೀವು ಖುಷಿಪಡ್ತೀರಿ ಅನ್ನೋ ಆಸೆನೂ ಇತ್ತು. ಅವತ್ತು ತಪ್ಪು ನಂದೇ ಅಂತ ಗೊತ್ತಿದ್ದೂ ನಿಮ್ಮ ಮೇಲೆ ಕೂಗಾಡ್ಬಿಟ್ಟೆ. ಈಗ ಅವಳು ಚಮಚಾನೂ ಮುಟ್ಟಲ್ಲ ಮಿಸ್. 'ನೀನೇ ಮಾಡು ಮಾಮ, ನಂಗೆ ಬರಲ್ಲ' ಅಂತಾಳೆ."

"ಅವಳ ನಾಲ್ಕು ಮಣಿ ನಿಮಗೆ ಸಾಲ್ಲಿಲ್ವಾ?" ಅವಳು ಬಿಕ್ಕಿದಳು. "ನನಗೆ ಆ ನಾಲ್ಕೇ ಸಾಕಿತ್ತು ಕಣ್ರೀ! 'ನೀವೂ ಒಬ್ಬ ಟೀಚರಾ' ಅಂದ್ರಿ... ಬೇರೆ ಯಾರೇ ಅಂದಿದ್ರೂ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಿದ್ದೆ. ಅಂದಿದ್ದು ನೀವು! ನಾನು ಪ್ರೀತಿಸಿದ್ದು ನಿಮ್ಮನ್ನ!"

ಬಾಯಿಂದ ಬಂದುಬಿಟ್ಟ ಮಾತು. ಇಬ್ಬರೂ ಬೆಚ್ಚಿದರು.

"ನಾನೂ..." ಎಂದ ಅವನು, ನೆಲ ನೋಡುತ್ತಾ.

"ಗೊತ್ತು. ಅದು ಗೊತ್ತಿರೋದಕ್ಕೇ ಇಷ್ಟು ನೋವು."

"ಕ್ಷಮಿಸ್ತೀರಾ?"

"ಮೊದ್ಲು ಅವಳಿಗೆ ಹೇಳಿ. 'ಸುಳ್ಳು ಹೇಳಿದ್ದು ನಾನು, ನಿನ್ನ ಕೈಯಲ್ಲಿ ತಪ್ಪಿಲ್ಲ' ಅಂತ."

ಅವನ ಮುಖ ಬಿಳಿಚಿಕೊಂಡಿತು. "ಅವತ್ತು ಎಲ್ಲಾ ಆಗಿದ್ದು ನನ್ನಿಂದಾನೇ ಅಂತ ಗೊತ್ತಾಗಿ, ಅವಳು ಇನ್ಮೇಲೆ ನನ್ನನ್ನ ನಂಬದೇ ಹೋದ್ರೆ? ನನಗೆ ಇರೋದು ಅವಳೊಬ್ಬಳೇ..."

ಅವಳು ಕಣ್ಣೊರೆಸಿಕೊಂಡು ಎದ್ದು, ಅವನ ಪಕ್ಕಕ್ಕೆ ಬಂದು ನಿಂತಳು. ಕೋಪ ಇನ್ನೂ ಆರಿರಲಿಲ್ಲ. ಆದರೂ ಅವನ ಕೈ ಹಿಡಿದಳು.

"ನಡೀರಿ, ನಾನೂ ಬರ್ತೀನಿ. ಆದ್ರೆ ಹೇಳೋದು ನೀವೇ."

"ಮಾತು ತಡವರಿಸಿದ್ರೆ?"

"ತಡವರಿಸ್ಲಿ. ನಾನು ಮಧ್ಯ ಬಾಯಿ ಹಾಕಲ್ಲ... ನೀವು ಹೇಳಿ ಮುಗಿಸೋವರೆಗೂ ಕೈ ಮಾತ್ರ ಬಿಡಲ್ಲ."