ಬುಧವಾರ ಎಲ್ಲ ಸರಿ ಇತ್ತು

ಉಮಾಕಾಂತ ಬಾಗಿಲು ಮುಚ್ಚಿದ. ಆಕೆ ಎದ್ದು ಬಂದು ತೆರೆದಳು.

ಕಾಲು ಗಂಟೆಯಲ್ಲಿ ಔರಾದ ರಸ್ತೆಯ ಧೂಳು ಹೊಸ ಕಂಪ್ಯೂಟರಿನ ಮೇಲೆ ಬಂದು ಕೂತಿತು. ಅವನು ಮತ್ತೆ ಮುಚ್ಚಿದ. ಆಕೆ ಮತ್ತೆ ತೆರೆದಳು. ಈ ಸಲ ಮುರಿದ ಬೀಸುಕಲ್ಲಿನ ತುಂಡೊಂದನ್ನು ಕಾಲಿನಿಂದಲೇ ದೂಡಿ ಬಾಗಿಲಿಗೆ ಆನಿಸಿಟ್ಟಳು.

"ಮ್ಯಾಡಂ, ಧೂಳ ಬರ್ಲಾಕತ್ತದ್ರಿ."

"ಬರ್ಲಿ. ಒರಸ್ಲಾಕ ನಾ ಇದೀನಲ್ಲ."

ಉಮಾಕಾಂತನ ಮುಖ ಬಿಸಿಯಾಯಿತು. ಮುಚ್ಚಿದ ಕೋಣೆಯಲ್ಲಿ ನನ್ನ ಜೊತೆ ಕೂರಲು ಈಕೆಗೆ ಭಯವೇನು, ನಾನೇನು ಅಂಥವನ ಹಾಗೆ ಕಾಣುತ್ತೇನಾ ಎಂದುಕೊಂಡು ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಎಳೆದಾಡಿದ. ಉದಗೀರದಲ್ಲಿ ಅವನದು ಸಣ್ಣ ಕಂಪ್ಯೂಟರ್ ಅಂಗಡಿ. ಯಾರ ಹತ್ತಿರವೂ ಕಲಿತವನಲ್ಲ, ಕೆಡಿಸಿ ಕೆಡಿಸಿ ಕಲಿತವನು. ನಿಲಂಗಾದ ಈ ದೇವಣಿ ದನದ ತಳಿ ಸಂಘದಿಂದ ಫೋನ್ ಬಂದಾಗ, ಅತ್ತ ಕಡೆಯ ಗಡಸು ಮರಾಠಿ ಕೇಳಿ ಯಾರೋ ಐವತ್ತು ದಾಟಿದ ಹೆಂಗಸು ಇರಬೇಕು ಅಂದುಕೊಂಡಿದ್ದ. ಬಂದು ನೋಡಿದರೆ ಇಪ್ಪತ್ತೈದು ಇಪ್ಪತ್ತಾರರ ವಿಜಯಶ್ರೀ. ಜಡೆಯಲ್ಲಿ ಸಿಕ್ಕಿಸಿದ ಪೆನ್ನು, ಕೀಲಿಗೊಂಚಲಿಗೆ ದನದ ಕಿವಿಗೆ ಹಾಕುವ ಹಳದಿ ಬಿಲ್ಲೆ. ಅವನ ಮರಾಠಿಯ ಎರಡು ಮಾತು ಕೇಳಿಯೇ, "ಮನ್ಯಾಗ ಕನ್ನಡ ಏನ್ರಿ?" ಅಂದಿದ್ದಳು.

ಸಂಘದ ಕಷ್ಟ ಇಷ್ಟು. ಯಾವ ಆಕಳು ಯಾವ ಹೋರಿಗೆ, ಅದರ ತಾಯಿ ಯಾರು, ಅಜ್ಜಿ ಯಾರು ಎಂದು ಹದಿನಾರು ವರ್ಷದ ವಂಶಾವಳಿ ಒಂದು ಹಳೆಯ ಪ್ರೋಗ್ರಾಮಿನಲ್ಲಿತ್ತು. ಅದನ್ನು ಬರೆದ ಓಂಪ್ರಕಾಶ ಸರ್ ತೀರಿಕೊಂಡು ನಾಲ್ಕು ವರ್ಷ. ಹಳೆಯ ಕಂಪ್ಯೂಟರು ಮೂಲೆಯಲ್ಲಿ ಟಕ್ ಟಕ್ ಅಂತ ಕೊನೆಯ ಉಸಿರು ಎಣಿಸುತ್ತಿತ್ತು. ಹೊಸದರಲ್ಲಿ ಆ ಪ್ರೋಗ್ರಾಂ ತೆರೆಯುತ್ತಲೇ ಇರಲಿಲ್ಲ.

"ಹೊಸಾದರ ಒಳಗ ಇನ್ನೊಂದು ಕಂಪ್ಯೂಟರ್ ಮಾಡಬೇಕ್ರಿ," ಅಂದ ಉಮಾಕಾಂತ. "ವರ್ಚುವಲ್ ಮಷೀನ್ ಅಂತಾರ. ಕಣ್ಣಿಗಿ ಕಾಣ್ತದ, ಕೈಗಿ ಸಿಗಂಗಿಲ್ಲ. ಅದರಾಗ ಹಳೇ ವಿಂಡೋಸ್ ಹಾಕಿದ್ರ, ನಿಮ್ಮ ಪ್ರೋಗ್ರಾಂ ತನ್ನ ಕಾಲದಾಗೇ ಇದೀನಿ ಅಂತ ತಿಳಕೊಂಡು ಓಡ್ತದ."

ವಿಜಯಶ್ರೀ ಒಂದು ಕ್ಷಣ ಯೋಚಿಸಿದಳು. "ಆಕಳ ಗಬ್ಬ ಆದಂಗ."

ಅವನು ನಕ್ಕ. "ಹಂಗೇ ಅನ್ರಿ."

"ಮತ್ತ ಹೊಟ್ಟ್ಯಾಗಿಂದಕ್ಕ ಮೇವು?"

"ತಾಯಿ ಹತ್ರ ನಾಕು ಜಿಬಿ ಮೆಮರಿ ಅದ. ಇದಕ್ಕ ಅರ್ಧ ಜಿಬಿ ಸಾಕ್ರಿ."

"ಅಯ್ಯ, ಜುಗ್ಗ ಇದೀರಿ ನೀವು."

ಮೇವು ಗೊತ್ತುಮಾಡಿದ. ಅದಕ್ಕೆ ಹತ್ತು ಜಿಬಿಯ ಒಂದು ಹುಸಿ ಡಿಸ್ಕ್ ಮಾಡಿದ. ಸಿ.ಡಿ. ಹಾಕಿ ಶುರುಮಾಡಿದಾಗ ಪರದೆ ಪೂರ್ತಿ ಕಪ್ಪಾಯಿತು. ಆ ಕಪ್ಪಿನಲ್ಲಿ, ಅವನ ಭುಜದ ಹಿಂದೆ ನಿಂತ ವಿಜಯಶ್ರೀಯ ಮುಖ ಮೂಡಿತು. ಆಕೆಯೂ ಅದರಲ್ಲಿ ಅವನನ್ನೇ ನೋಡುತ್ತಿದ್ದಳು. ಇಬ್ಬರೂ ನೋಡಿದರು, ಇಬ್ಬರೂ ನೋಡದವರ ಹಾಗೆ ನಿಂತರು. ಅಷ್ಟರಲ್ಲಿ ನೀಲಿ ಪರದೆ ಬಂದು ಇಬ್ಬರನ್ನೂ ಅಳಿಸಿತು.

ಮರುದಿನ ಆಕೆ ಕೇಳಿದಳು, "ಏನರೆ ತಪ್ಪಾದ್ರ ಮತ್ತ ಮೊದಲಿಂದ ಮಾಡಬೇಕೇನ್ರಿ?"

"ಇಲ್ರಿ, ಇಲ್ಲಿ ನೋಡ್ರಿ. ಇದಕ್ಕ ಸ್ನ್ಯಾಪ್‌ಶಾಟ್ ಅಂತಾರ. ಇವತ್ತ ಹೆಂಗ ಅದನೋ ಹಂಗೇ ಫೋಟೋ ಹಿಡದು, ಹೆಸರು ಬರದು ಇಡೋದು. ನಾಳಿಗಿ ಕೆಟ್ಟರ ಇದನ್ನ ಒತ್ರಿ. ಕೆಟ್ಟಿದ್ದೇ ಇಲ್ಲ ಅನ್ನಂಗ ಹಿಂದಕ್ಕ ಬರ್ತದ."

"ಮನಷ್ಯಾಗ ಇಂಥಾದ್ದಿಲ್ಲ ನೋಡ್ರಿ," ಅಂದಳು ವಿಜಯಶ್ರೀ. ಅಂದವಳ ಕಣ್ಣು ಬಾಗಿಲ ಕಲ್ಲಿನ ಮೇಲಿತ್ತು.

ಬುಧವಾರ ಮಧ್ಯಾಹ್ನ ಆಕೆ ಕರುಗಳ ತೂಕಕ್ಕೆಂದು ಹೊರಗೆ ಹೋಗಿದ್ದಾಗ, ಒಳಗಿನ ಆ ಪುಟ್ಟ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆಯಿತು. ಸಾಲುಸಾಲಾಗಿ ದನಗಳು ಬಂದು ನಿಂತವು. ಪ್ರಿಂಟರು ಕೂಡ ಕಿರ್ರ್ ಅಂತ ಕೆಲಸಮಾಡಿತು. ಮುಗಿಯಿತು.

ಮುಗಿಯಿತು ಅನ್ನುವ ಆ ಮಾತು ಉಮಾಕಾಂತನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ನಾಳೆ ಬಸ್ಸಿಲ್ಲ. ದಾರಿಯಲ್ಲಿ ದೇವಣಿ ಊರು ದಾಟುವಾಗ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವುದಿಲ್ಲ. "ಜುಗ್ಗ ಇದೀರಿ" ಅನ್ನುವವರಿಲ್ಲ.

ಅವನು ಸ್ನ್ಯಾಪ್‌ಶಾಟ್ ಹಿಡಿದು, ಅಭ್ಯಾಸದಂತೆ ಹೆಸರು ಬರೆದ: ಬುಧವಾರ, ಎಲ್ಲ ಸರಿ. ಆಮೇಲೆ, ಪ್ರೋಗ್ರಾಂ ಹಾಕುವ ಮೊದಲು ಸೋಮವಾರ ಹಿಡಿದಿಟ್ಟಿದ್ದ ಫೋಟೋ ಒತ್ತಿದ. ದನಗಳೆಲ್ಲ ಮಾಯವಾಗಿ ಖಾಲಿ ವಿಂಡೋಸ್ ಉಳಿಯಿತು.

"ಆಯ್ತೇನ್ರಿ?" ವಿಜಯಶ್ರೀ ಬಾಗಿಲಲ್ಲಿ ನಿಂತಿದ್ದಳು.

"ಇನ್ನೂ ಇಲ್ರಿ. ತೆರೀಲಾಕತ್ತಿಲ್ಲ."

ಒಂದು ದಿನದ ಸುಳ್ಳು ಎಂಟು ದಿನದ್ದಾಯಿತು. ದಿನಾ ಬಸ್ಸು, ದಿನಾ ಹೊಸ ನೆವ. ಚಹಾ ತರುವ ಸರುಬಾಯಿ ಕಪ್ಪು ಇಡುತ್ತಾ, "ಏನ್ರೀ ಇಂಜಿನೇರ್, ಇದು ಕರು ಈಯ್ತದೋ, ಇಲ್ಲಾ ಬರೇ ನಿಮಗ ಚಹಾ ಕುಡಸ್ತದೋ?" ಅನ್ನುತ್ತಿದ್ದಳು. ವಿಜಯಶ್ರೀ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದು ಬಿಟ್ಟಳು. ಮೂಲೆಯ ಟಕ್ ಟಕ್ ಜೋರಾದಾಗಲೆಲ್ಲ ಆಕೆಯ ಪೆನ್ನು ನಿಲ್ಲುತ್ತಿತ್ತು. ಕಣ್ಣ ಕೆಳಗೆ ಕಪ್ಪು ಬಂದಿತ್ತು. ಅವನಿಗೆ ಅದು ಕಾಣುತ್ತಿತ್ತು. ನಾಳೆ ಹೇಳುತ್ತೇನೆ, ನಾಳೆ ಖಂಡಿತ ಹೇಳುತ್ತೇನೆ ಎಂದು ವಾಪಸ್ ಬಸ್ಸಿನಲ್ಲಿ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದ. ಆ ಬುಧವಾರವನ್ನು ಫೋಟೋಗಳ ಪಟ್ಟಿಯಿಂದ ಅಳಿಸಲು ಮಾತ್ರ ಅವನ ಕೈ ಬರಲಿಲ್ಲ.

ಮುಂದಿನ ಗುರುವಾರ ಅವನು ಬಂದಾಗ ವಿಜಯಶ್ರೀ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಒಂದು ಪ್ರಿಂಟು.

"ಹಳೇದು ಮುಂಜಾನಿ ಸತ್ತದ," ಅಂದಳು. "ಚಾಲೂನೇ ಆಗ್ಲಿಲ್ಲ. ನಿಮಗ ಫೋನ್ ಮಾಡಿದ್ರ ಹತ್ತಲಿಲ್ಲ. ಬಸ್‌ನಾಗ ಇದ್ರಿ ಕಾಣ್ತದ. ನೀವೇ ಕಲಸಿದ್ರಲ್ಲ, ಆ ಫೋಟೋದ ಪಟ್ಟಿ ತೆಗದು ಒಂದು ಒತ್ತಿದೆ. ದನ ಎಲ್ಲ ಬಂದ್ವು."

ಅವನು ಹೆಗಲ ಚೀಲ ಕೆಳಗಿಟ್ಟ.

"ಬುಧವಾರ ಎಲ್ಲ ಸರಿ ಇತ್ತಲ್ರಿ?"

"ಹೌದ್ರಿ."

"ನಾ ಎಂಟು ದಿನ ನಿದ್ದಿ ಮಾಡಿಲ್ಲ. ಯಾಕಂತ ಗೊತ್ತದೇನು?" ಆಕೆ ಪ್ರಿಂಟನ್ನು ಅವನ ಮುಂದೆ ಹಿಡಿದಳು. ಹದಿನೇಳನೇ ನಂಬರು: ಗಂಗಿ, ಮಾಕಣಿ. ಕೆಳಗೆ ಅದರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು.

"ಇದು ಮಾಕಣ್ಯಾಗಿನ ನಮ್ಮನಿ ಆಕಳ. ಭೂಕಂಪದ ದಿನ ನನಗ ಐದು ವರ್ಷ. ನಸಕಿನ್ಯಾಗ ಗಂಗಿ ಹಗ್ಗ ಹರಕೊಂಡು ಒದರ್ಲಾಕ ಹತ್ತಿದ್ಳು. ಏನಾಯ್ತು ನೋಡಬೇಕಂತ ಅವ್ವ ನನ್ನ ಎತಗೊಂಡು ಹೊರಗ ಬಂದ್ಳು. ಬರೂಮುಂದ ಅಜ್ಜಿಗಿ ಹೇಳಿದ್ಳು, ಕಳ್ಳರಿದ್ದಾರು, ಒಳಗಿಂದ ಚಿಲಕ ಹಾಕ್ಕೋ ಅಂತ."

ಆಕೆ ಪ್ರಿಂಟನ್ನು ಮಡಚಿದಳು. ರಸ್ತೆಯ ಮೇಲೆ ಒಂದು ಟೆಂಪೋ ಹೋಯಿತು.

"ಚೌಕಟ್ಟು ಸೊಟ್ಟಾತು. ಚಿಲಕ ತೆಗೀಲಾಕ ಬರ್ಲಿಲ್ಲ ಅಜ್ಜಿಗಿ. ಈ ಬೀಸುಕಲ್ಲು ಆಕಿದೇ."

ಉಮಾಕಾಂತನಿಗೆ ಆ ಮೊದಲ ದಿನದ ಬಾಗಿಲು ನೆನಪಾಯಿತು. ಆ ನಸುಕಿನಲ್ಲಿ ಉದಗೀರದಲ್ಲೂ ನೆಲ ನಡುಗಿತ್ತು, ಪಾತ್ರೆಗಳು ಉರುಳಿದ್ದವು. ಆದರೆ ಗೋಡೆಗಳು ನಿಂತಿದ್ದವು. ಗೋಡೆ ನಿಂತ ಊರಿನವನಿಗೆ ಮುಚ್ಚಿದ ಬಾಗಿಲೆಂದರೆ ಬರೀ ಬಾಗಿಲು.

"ಯಾಕ ಸುಳ್ಳ ಹೇಳಿದ್ರಿ?"

"ಕೆಲಸ ಮುಗದ್ರ ಇಲ್ಲಿಗಿ ಬರ್ಲಾಕ ನನಗ ನೆವ ಇರಂಗಿಲ್ರಿ," ಅಂದ. ಅಂದಮೇಲೆ ಅದು ಎಷ್ಟು ಸಣ್ಣ ಮಾತು ಅನಿಸಿತು.

ವಿಜಯಶ್ರೀ ಅವನನ್ನು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ಸಿಟ್ಟು ಇತ್ತು, ಬರೀ ಸಿಟ್ಟೇ ಇರಲಿಲ್ಲ. "ಹೋಗ್ರಿ," ಅಂದಳು. "ಇವತ್ತ ಹೋಗ್ರಿ."

ಮರುದಿನ ಮುಂಜಾನೆ ಉದಗೀರದ ಮನೆಯಲ್ಲಿ ಅವನು ಸ್ಕ್ರೂಡ್ರೈವರ್ ಹಿಡಿದು ಮುಂಬಾಗಿಲ ಹಿಂದೆ ಕೂತಿದ್ದ. ತಾಯಿ ಪ್ರೇಮಾಬಾಯಿ ಹಿಟ್ಟಿನ ಕೈಯಲ್ಲೇ ಬಂದಳು.

"ಏನ್ ತೆಗೀಲಾಕತ್ತಿಯೋ?"

"ಚಿಲಕ."

"ನಾಯಿ ಬಂದು ರೊಟ್ಟಿ ತಿಂದ್ರ ನೀ ಕಾಯ್ತಿಯೇನು?"

"ಒಬ್ಬಾಕಿಗಿ ಚಿಲಕ ಕಂಡ್ರ ಅಂಜಿಕಿ ಅವ್ವಾ. ಭೂಕಂಪದಾಗಿಂದ ಉಳದಾಕಿ." ಅವನು ತಲೆ ಎತ್ತಲಿಲ್ಲ. "ಬರ್ತಾಳೋ ಇಲ್ಲೋ ಗೊತ್ತಿಲ್ಲ."

ಪ್ರೇಮಾಬಾಯಿ ಸೆರಗಿಗೆ ಕೈ ಒರಸಿಕೊಂಡು ಬಾಗಿಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. "ಅಲಗಾಡ್ಲಾಕತ್ತದ. ಈಗ ತಿರುವು. ಮೊದ್ಲೇ ಹೇಳಿದ್ರ ನಾನೇ ತೆಗೀತಿದ್ನಲ್ಲೋ ಮಬ್ಬ."

ಬಸ್ಸಿನಲ್ಲಿ ನಿಲಂಗಾ ಬರುವ ತನಕ ಆ ಕಬ್ಬಿಣ ಅವನ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿಕೊಂಡು ಕುಣಿಯಿತು.

ವಿಜಯಶ್ರೀ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವನು ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಆಕೆ ಬಿಚ್ಚಿದಳು. ತುಕ್ಕು, ಹಳೆಯ ಹಸಿರು ಬಣ್ಣ, ಹಬ್ಬದಲ್ಲಿ ಹಚ್ಚಿದ ಕುಂಕುಮದ ಒಂದು ಕಲೆ.

"ಏನಿದು?"

"ನಮ್ಮ ಮನಿ ಚಿಲಕ್ರಿ. ಒಳಗಿಂದು. ಇನ್ಮ್ಯಾಲ ನಮ್ಮ ಬಾಗಲಕ್ಕ ಇದು ಇರಂಗಿಲ್ಲ." ಅವನು ಕುಂಕುಮದ ಕಲೆಯ ಮೇಲೆ ಬೆರಳಿಟ್ಟ. "ಸುಳ್ಳ ಹೇಳಿದ್ದು ತಪ್ಪಾತು. ಅದನ್ನ ಹಿಂದಕ್ಕ ತರ್ಲಾಕ ಬರಂಗಿಲ್ಲ. ನೀವು ಒಂದಿನ ಆ ಮನಿಗಿ ಬರ್ತೀರಂತ ಆಸೆ ಅದ. ಬಂದ್ರ, ಹೊರಗ ಓಡ್ಲಾಕ ದಾರಿ ಇರಬೇಕಲ್ಲ."

ಆಕೆ ಪೊಟ್ಟಣ ಜಾಡಿಸಿದಳು. ಸ್ಕ್ರೂಗಳು ಉರುಳಿದವು. ಬೆರಳಿನಿಂದ ಎಣಿಸಿದಳು.

"ನಾಕು ತೂತು, ಮೂರೇ ಸ್ಕ್ರೂ?"

"ಒಂದು ತುಕ್ಕ ಹಿಡದಿತ್ತು. ಬರ್ಲಿಲ್ಲ. ಮುರದೀನಿ."

"ಅಂದ್ರ ಮತ್ತ ಕೂಡಸ್ಲಾಕ ಬರಂಗಿಲ್ಲ?"

"ಬರಂಗಿಲ್ಲ."

"ಮನ್ಯಾಗ ಏನಂದ್ರು?"

"ನಾಯಿ ಬಂದು ರೊಟ್ಟಿ ತಿಂತಾವ ಅಂದ್ಳು ಅವ್ವ. ಅಂದು, ತಾನೇ ಬಾಗಲ ಹಿಡದ್ಳು."

ವಿಜಯಶ್ರೀಯ ತುಟಿ ಅಲುಗಿತು. ಅಷ್ಟರಲ್ಲಿ ಔರಾದ ಕಡೆಯಿಂದ ಗಾಳಿ ಬಂದು ಮೇಜಿನ ಕಾಗದಗಳನ್ನು ಎಬ್ಬಿಸಿತು. ಆಕೆ ಚಿಲಕವನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದು ಬಾಗಿಲಿಗೆ ಹೋದಳು. ಅಜ್ಜಿಯ ಬೀಸುಕಲ್ಲನ್ನು ಎರಡೂ ಕೈಯಿಂದ ಎತ್ತಿ ಗೋಡೆಯ ಪಕ್ಕಕ್ಕಿಟ್ಟಳು. ಬಾಗಿಲನ್ನು ತಾನೇ ಮೆಲ್ಲಗೆ ದೂಡಿದಳು. ಪೂರ್ತಿ ಮುಚ್ಚುವ ಮೊದಲು ಬಾಗಿ, ಆ ಚಿಲಕವನ್ನು ಸಂದಿಗೆ ಇಟ್ಟಳು. ನಾಲ್ಕು ಬೆರಳಷ್ಟು ಬೆಳಕು ಒಳಗೆ ಬಿದ್ದುಕೊಂಡಿತ್ತು.

"ಧೂಳ ಬರ್ತದ ಅಂತಿದ್ರಲ್ಲ," ಅಂದಳು, ಅವನ ಕಡೆ ತಿರುಗದೆ. "ಇಷ್ಟ ಸಾಕೇನ್ರಿ?"

"ಸಾಕ್ರಿ."

"ಮತ್ತ ನಿಮ್ಮವ್ವಗ ಹೇಳ್ರಿ." ಈಗ ತಿರುಗಿದಳು. ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು. "ನಾಯಿಗಿ ಬ್ಯಾರೆ ರೊಟ್ಟಿ ನಾನೇ ಬಡೀತೀನಿ ಅಂತ."