ಬಲಗಡೆಯ ನೀಲಿ ಬಟನ್

"ನೋಡಿದ್ರಾ? ಚೇಂಜಸ್ ಮಾಡ್ತಾ ಇದೆ! ಹತ್ತು ನಿಮಿಷದ ಕೆಲಸ ಅಂತ ಹೇಳಿರ್ಲಿಲ್ವಾ ನಾನು?"

ಮಾಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಿಕೊಂಡ. ಆ ಹತ್ತು ನಿಮಿಷ ಶುರುವಾಗಿ ಆಗಲೇ ಒಂದೂಕಾಲು ಗಂಟೆಯಾಗಿತ್ತು.

ಕಂಪ್ಯೂಟರಿನ ಪರದೆ ಪೂರ್ತಿ ಕಪ್ಪಾಗಿತ್ತು. ನಡುವೆ ಬಿಳಿ ಚುಕ್ಕೆಗಳು ಸುಮ್ಮನೆ ಸುತ್ತುತ್ತಿದ್ದವು. ಅವುಗಳ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು.

"ನನ್ನ ಮಗ ಕೈ ಇಟ್ರೆ ಸಾಕು, ಸತ್ತ ಮೆಷೀನೂ ಎದ್ದು ಕೂರುತ್ತೆ," ಎಂದಳು ಅಜ್ಜಿ. ಅಜ್ಜಿಗೆ ಪರದೆಯ ಮೇಲೆ ಏನಿದೆಯೆಂದು ಕಾಣುತ್ತಿರಲಿಲ್ಲ. ಮಗನನ್ನು ಹೊಗಳಲು ಅದೆಲ್ಲ ಕಾಣಬೇಕೆಂದೂ ಇರಲಿಲ್ಲ.

ಎಲ್ಲರ ಹಿಂದೆ ಸ್ಟೂಲ್ ಹತ್ತಿ ನಿಂತಿದ್ದ ಪಿಟೀಲು ಆ ಸಾಲನ್ನು ತುಟಿಯಲ್ಲೇ ಓದಿದಳು. ಇನ್ನೊಮ್ಮೆ ಓದಿದಳು.

"ಮಾಮ, ಅದು ಡೂಯಿಂಗ್ ಅಲ್ಲ. ಅನ್‌ಡೂಯಿಂಗ್."

"ಗೊತ್ತು ಗೊತ್ತು."

"ಮುಂದೆ ಅನ್ ಅಂತ ಬಂದ್ರೆ ಉಲ್ಟಾ ಅಂತ ಅರ್ಥ. ಹ್ಯಾಪಿ, ಅನ್‌ಹ್ಯಾಪಿ. ಟೈ, ಅನ್‌ಟೈ. ಹೋದ ವಾರಾನೇ ನಮ್ ಟೀಚರ್ ಹೇಳ್ಕೊಟ್ರು. ಮಾಡಿದ್ದನ್ನೆಲ್ಲ ವಾಪಸ್ ತೆಗೀತಾ ಇದೆ ಮಾಮ ಅದು!"

"ಲೇ ಪಿಟೀಲು, ಕುಯ್ಯಬೇಡ. ನೀನು ಹುಟ್ಟೋಕೆ ಮುಂಚಿಂದ ನಾನು ಕಂಪ್ಯೂಟರ್ ಬಿಚ್ತಾ ಇದೀನಿ."

ಪಿಟೀಲು ಎಂದರೆ ವಾದ್ಯವಲ್ಲ, ಹತ್ತು ವರ್ಷದ ಹುಡುಗಿ. ಒಂದು ವಿಷಯ ಹಿಡಿದರೆ ಕುಯ್ಯುತ್ತಲೇ ಇರುತ್ತಾಳೆಂದು ಮಾಮನೇ ಇಟ್ಟ ಹೆಸರು. ಅವಳೇನು ಕಡಿಮೆಯೇ? ಮಾಮನಿಗೆ ಗೊತ್ತುಮಾಮ ಎಂದು ಹೆಸರಿಟ್ಟಳು. ಮೀನು ಯಾವಾಗ ನಿದ್ದೆ ಮಾಡುತ್ತೆ, ಬಸ್ಸು ಯಾಕೆ ಲೇಟು, ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುವುದು "ಗೊತ್ತು ಗೊತ್ತು". ಆಮೇಲೆ ಏನೂ ಬರುವುದಿಲ್ಲ.

ಒಂದು ಮಾತ್ರ ನಿಜ. ಮಾಮ ಮುಂದಿನ ಬೀದಿಯ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಫ್ಯಾನಿನ ಸದ್ದು ಕೇಳಿಯೇ ಒಳಗೆ ಯಾವ ಸ್ಕ್ರೂ ಸಡಿಲವಾಗಿದೆ ಎಂದು ಹೇಳುತ್ತಿದ್ದ. ಈವತ್ತೂ ಬೆಳಗ್ಗೆ ಒಂಬತ್ತಕ್ಕೆ ಬಂದವನೇ ಕಂಪ್ಯೂಟರಿನ ಡಬ್ಬ ಬಿಚ್ಚಿ, ಪೇಂಟ್ ಬ್ರಷ್ಷಿನಲ್ಲಿ ಗುಡಿಸಿ, ಎರಡು ಹಿಡಿ ಧೂಳು ಹೊರಗೆ ತೆಗೆದಿದ್ದ. ಅದನ್ನು ಕಾಗದದ ಮೇಲಿಟ್ಟು ಎಲ್ಲರಿಗೂ ತೋರಿಸಿದ್ದ. ಅಜ್ಜಿ ಆ ಧೂಳನ್ನೂ ಹೆಮ್ಮೆಯಿಂದ ನೋಡಿದ್ದಳು.

ಇಷ್ಟೆಲ್ಲ ಆಗುತ್ತಿದ್ದುದು ಅಮ್ಮನಿಗಾಗಿ. ಮಧ್ಯಾಹ್ನ ಮೂರು ಗಂಟೆಗೆ ಅಮ್ಮನಿಗೆ ಪರೀಕ್ಷೆ, ಲೈಬ್ರರಿಯ ಕೆಲಸಕ್ಕೆ. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಬರೆಯಬೇಕು. ಮೂರು ಗಂಟೆ ದಾಟಿ ಐದು ನಿಮಿಷವಾದರೆ ಪರೀಕ್ಷೆಯ ಒಳಗೆ ಹೋಗುವ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲೆ ಅತ್ತು ಕರೆದರೂ ತೆರೆಯುವುದಿಲ್ಲ. ಈ ಕಂಪ್ಯೂಟರಿನಲ್ಲಿದ್ದ ಹಳೇ ಆಪರೇಟಿಂಗ್ ಸಿಸ್ಟಂ ಮೇಲೆ ಪರೀಕ್ಷೆಯ ಪ್ರೋಗ್ರಾಂ ಓಡುವುದಿಲ್ಲ ಎಂದು ಸೋಮವಾರವೇ ತಿಳಿದಿತ್ತು. ಅಮ್ಮ ಸೋಮವಾರವೇ ಮಾಮನಿಗೆ ಹೇಳಿದ್ದಳು. "ಹತ್ತು ನಿಮಿಷದ ಅಪ್‌ಗ್ರೇಡ್‌ಗೆ ಇಷ್ಟು ಗಾಬರಿನಾ? ಭಾನುವಾರ ಬರ್ತೀನಿ ಬಿಡು," ಎಂದಿದ್ದ ಅವನು.

ಅಮ್ಮ ಕೇಕ್ ಅಂಗಡಿಯಲ್ಲಿ ಡಬ್ಬ ಕಟ್ಟುತ್ತಾಳೆ, ದಿನಕ್ಕೆ ಎಂಟು ಗಂಟೆ ನಿಂತುಕೊಂಡೇ. ಮನೆಗೆ ಬಂದು ಕಾಲನ್ನು ಬಿಸಿನೀರಿನಲ್ಲಿಟ್ಟುಕೊಂಡು ಐದು ತಿಂಗಳು ಓದಿದ್ದಳು. ಪುಸ್ತಕಗಳಿಗೆ ನಂಬರ್ ಹಾಕುವುದನ್ನು ಕಲಿಯಲು ಅಡುಗೆಮನೆಯ ಡಬ್ಬಗಳಿಗೆಲ್ಲ ನಂಬರಿನ ಚೀಟಿ ಅಂಟಿಸಿದ್ದಳು. ಆ ಮನೆಯಲ್ಲಿ ಈಗ ಸಕ್ಕರೆ ಬೇಕೆಂದರೆ ನಂಬರ್ ಹೇಳಿ ಕೇಳಬೇಕಿತ್ತು.

ಟ್ಯೂಂ ಎಂದು ಸದ್ದಾಯಿತು. ಕಂಪ್ಯೂಟರ್ ಎದ್ದು ಕುಳಿತಿತು. ಅದೇ ಹಳೇ ಬೆಟ್ಟದ ಚಿತ್ರ, ಅದೇ ಹಳೇ ಸಿಸ್ಟಂ. ಏನೂ ನಡೆದೇ ಇಲ್ಲವೇನೋ ಎಂಬಂತೆ ಮಿಳಮಿಳ ನೋಡುತ್ತಿತ್ತು.

"ಅನ್‌ಡೂಯಿಂಗ್ ಅಂತ ಹೇಳ್ಲಿಲ್ವಾ!" ಎಂದಳು ಪಿಟೀಲು.

ಅಮ್ಮ ಗಡಿಯಾರ ನೋಡಿದಳು. ಹತ್ತೂಕಾಲು. "ಅಣ್ಣ, ಪಕ್ಕದ ಮನೆಯವರ ಲ್ಯಾಪ್‌ಟಾಪ್ ಕೇಳ್ಲಾ? ಈವತ್ತು ಒಂದು ದಿನಕ್ಕೆ ಕೊಡ್ತಾರೇನೋ."

ಮಾಮನ ಮುಖ ಊದಿಕೊಂಡಿತು. "ನಾನು ಇಲ್ಲಿ ಬಂಡೆ ಹಾಗೆ ಕೂತಿರುವಾಗ ನೀನು ಇನ್ನೊಬ್ರ ಮನೆ ಬಾಗಿಲು ತಟ್ತೀಯಾ?"

"ಅದೇ ಮತ್ತೆ!" ಎಂದು ಅಜ್ಜಿ ತಾಳ ಹಾಕಿದಳು. "ಇಡೀ ಬೀದಿ ಇವನ ಹತ್ರ ಬರುತ್ತೆ. ನೀನು ಬೀದಿ ಹತ್ರ ಹೋಗ್ತೀಯಾ?"

ಅಮ್ಮ ಬಾಗಿಲ ಕಡೆ ಇಟ್ಟ ಹೆಜ್ಜೆಯನ್ನು ವಾಪಸ್ ತೆಗೆದಳು. ಅದನ್ನು ನೋಡಿ ಪಿಟೀಲಿಗೆ ಮೈಯೆಲ್ಲ ಉರಿಯಿತು. ಕೇಕ್ ಅಂಗಡಿಯ ಮ್ಯಾನೇಜರಿಗೇ ಎದುರು ಮಾತಾಡುವ ಅಮ್ಮ, ಈ ಮಾಮನ ಮುಂದೆ ಯಾಕೆ ಹೀಗೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ?

ಮಾಮ ಈಗ ಅಪರಾಧಿಯನ್ನು ಹುಡುಕಲು ಹೊರಟ. ಕಂಪ್ಯೂಟರ್ ಕೈಕೊಟ್ಟಾಗ ದೊಡ್ಡವರಿಗೆ ಅಪರಾಧಿ ಸಿಗುವುದು ಬಲು ಸುಲಭ. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಯಾರೋ ಅವರೇ.

"ಏನಿದು? ಬಣ್ಣ ಹಚ್ಚೋ ಗೇಮಾ? ಇಂಥ ಕಸ ಎಲ್ಲ ತುಂಬಿದ್ರೆ ಪಾಪ ಮೆಷೀನ್ ಏನ್ ಮಾಡುತ್ತೆ?"

"ಮಾಮ, ಬೇಡ! ಅದರಲ್ಲಿ ನನ್ನ ಡ್ರಾಯಿಂಗ್ಸ್..."

ಟಕ್. ಗೇಮು ಹೋಯಿತು. ಅದರ ಜೊತೆಗೆ ಪಿಟೀಲು ಮೂರು ವಾರ ಕುಳಿತು ಬಣ್ಣ ಹಚ್ಚಿದ್ದ ಆಮೆ, ಹಡಗು, ಹತ್ತು ಮಹಡಿಯ ಮನೆ ಎಲ್ಲವೂ ಹೋದವು. ಗೊತ್ತುಮಾಮನ ಮುಂದೆ ಅಳುವುದೆಂದರೆ ಸೋತಂತೆ. ಅವಳು ಅಳಲಿಲ್ಲ.

ಮಾಮ ಎರಡನೇ ಸಲ ಅಪ್‌ಗ್ರೇಡ್ ಶುರು ಮಾಡಿದ. ಪರದೆಯ ಮೇಲೆ ಒಂದರ ಹಿಂದೊಂದು ಪುಟ್ಟ ಕಿಟಕಿ ತೆರೆಯಿತು. ಪ್ರತಿ ಕಿಟಕಿಯಲ್ಲೂ ನಾಲ್ಕೈದು ಸಾಲು ಇಂಗ್ಲಿಷ್, ಕೆಳಗೆ ಎರಡು ಬಟನ್. ಎಡಗಡೆಯದು ಬೂದು ಬಣ್ಣ, ಬಲಗಡೆಯದು ನೀಲಿ. ಕಿಟಕಿ ತೆರೆಯುವುದೇ ತಡ, ಮಾಮ ನೀಲಿ ಬಟನ್ ಒತ್ತುತ್ತಿದ್ದ. ಟಕ್, ಟಕ್, ಟಕ್. ಪಿಟೀಲಿಗೆ ಮೊದಲ ಪದ ಓದಲೂ ಬಿಡುತ್ತಿರಲಿಲ್ಲ.

"ಅಣ್ಣ, ಅದೇನು ಹೇಳುತ್ತೆ ಅಂತ ಒಂದ್ಸಲ ಓದೋಣ್ವಾ?" ಎಂದಳು ಅಮ್ಮ, ಮೆಲ್ಲಗೆ.

"ಗೊತ್ತು ಗೊತ್ತು. ಎಲ್ಲಾ ಮಾಮೂಲಿ. ಇದನ್ನೆಲ್ಲ ಓದ್ತಾ ಕೂತ್ರೆ ಅಂಗಡಿ ನಡೆದ ಹಾಗೇ."

ಹನ್ನೊಂದೂ ಮುಕ್ಕಾಲಿಗೆ ಮತ್ತೆ ಅನ್‌ಡೂಯಿಂಗ್ ಬಂತು. ಈ ಸಲ "ಚೇಂಜಸ್ ಮಾಡ್ತಾ ಇದೆ" ಎಂದು ಯಾರೂ ಹೇಳಲಿಲ್ಲ. ಅಜ್ಜಿ ಕೂಡ ಸುಮ್ಮನೆ ಕೆಮ್ಮಿದಳು. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುವ ಸದ್ದು ಕೇಳಿಸಿತು. ಅಮ್ಮನಿಗೆ ತುಂಬಾ ಭಯವಾದಾಗ ಹಾಗೆ ಮಾಡುತ್ತಾಳೆ.

ಆ ಸದ್ದು ಕೇಳಿ ಪಿಟೀಲಿಗೆ ಗೇಮಿನ ವಿಷಯ ಮರೆತೇ ಹೋಯಿತು. ನಿಜ ಹೇಳಬೇಕೆಂದರೆ ಪೂರ್ತಿ ಮರೆಯಲಿಲ್ಲ, ಆಮೆಯ ಲೆಕ್ಕ ಹಾಗೇ ಇತ್ತು. ಮಾಮ ಎಲ್ಲಿ ತಪ್ಪು ಮಾಡುತ್ತಿದ್ದಾನೆಂದು ಹಿಡಿದು, ಎಲ್ಲರ ಮುಂದೆ ತೋರಿಸಿಯೇ ಸಿದ್ಧ ಎಂದು ನೋಟ್‌ಬುಕ್ಕು, ಪೆನ್ಸಿಲು ತಂದು ಕುರ್ಚಿಯ ಪಕ್ಕ ಕುಳಿತಳು.

ಮೂರನೇ ಸಲ ಶುರುವಾಯಿತು. ಟಕ್, ಟಕ್. ಅಷ್ಟರಲ್ಲಿ ಮಾಮನ ಫೋನ್ ಹೊಡೆದುಕೊಂಡಿತು. ಅಂಗಡಿಯ ಯಜಮಾನರು. "ಯಾರೂ ಮೌಸ್ ಮುಟ್ಟಬಾರದು," ಎಂದು ಆಜ್ಞೆ ಮಾಡಿ ಮಾಮ ಬಾಲ್ಕನಿಗೆ ಹೋದ.

ಪರದೆಯ ಮೇಲೆ ಒಂದು ಕಿಟಕಿ ತೆರೆದೇ ಉಳಿಯಿತು. ಪಿಟೀಲು ಮೌಸ್ ಮುಟ್ಟಲಿಲ್ಲ. ಓದಬಾರದು ಎಂದು ಮಾಮ ಹೇಳಿರಲಿಲ್ಲವಲ್ಲ? ಅವಳು ನಾಲ್ಕೂ ಸಾಲನ್ನು ದುಂಡಗೆ ನೋಟ್‌ಬುಕ್ಕಿಗೆ ಇಳಿಸಿದಳು. ಒಂದು ಪದ ರೈಲಿನಷ್ಟು ಉದ್ದವಿತ್ತು. ಡಿಕ್ಷನರಿ ತಂದು ಅದನ್ನು ಹುಡುಕಿದಳು. ಇನ್‌ಕಂಪ್ಯಾಟಿಬಲ್. ಅಂದರೆ, ಒಂದಕ್ಕೊಂದು ಹೊಂದಿಕೊಳ್ಳದ್ದು.

"ಅಮ್ಮಾ! ಬೇಗ ಬಾ!"

ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದು ಓದಿದಳು. ಕಂಪ್ಯೂಟರ್ ಬೆಳಗ್ಗೆಯಿಂದ ಹೇಳುತ್ತಿದ್ದುದು ಇಷ್ಟೇ: ಇಲ್ಲಿರುವ ವೈರಸ್ ಕಾವಲಿನ ಪ್ರೋಗ್ರಾಂ ಹೊಸ ಸಿಸ್ಟಂಗೆ ಹೊಂದುವುದಿಲ್ಲ, ಅದನ್ನು ತೆಗೆದು ಮುಂದೆ ಹೋಗಿ. ಎಡಗಡೆಯ ಬೂದು ಬಟನ್ ಒತ್ತಿದರೆ ತೆಗೆಯುತ್ತದೆ. ಬಲಗಡೆಯ ನೀಲಿ ಬಟನ್ ಒತ್ತಿದರೆ ಹಾಗೇ ಮುಂದೆ ಹೋಗುತ್ತದೆ. ಹೋಗಿ, ಮುಗ್ಗರಿಸಿ, ವಾಪಸ್ ಬರುತ್ತದೆ.

ಆ ಕಾವಲಿನ ಪ್ರೋಗ್ರಾಂ ಹಾಕಿದವರು ಯಾರು? ಮಾಮ! ಮನೆಗೆ ಬಂದಾಗಲೆಲ್ಲ "ವೈರಸ್ ಬರದ ಹಾಗೆ ಮಾಡ್ತೀನಿ" ಎಂದು ಒಂದೊಂದು ಹಾಕಿ ಹೋಗುತ್ತಿದ್ದ. ಕಳ್ಳನೇ ಬಾರದ ಮನೆಗೆ ಈಗ ಮೂವರು ಕಾವಲುಗಾರರು.

ಫೋನ್ ಮುಗಿಸಿ ಮಾಮ ಒಳಗೆ ಬಂದು ಮತ್ತೆ ಕುರ್ಚಿಯಲ್ಲಿ ಕುಳಿತ.

"ಮಾಮ! ಸಿಕ್ಕಿಬಿದ್ದೆ! ನನ್ನ ಗೇಮ್ ಅಲ್ಲ, ನೀನು ಹಾಕಿದ್ದೇ ಅಡ್ಡ ಬರ್ತಿರೋದು! ಇಲ್ಲೇ ಬರೆದಿದೆ ನೋಡು, ಓದು! ನೀನು ಓದೋದೇ ಇಲ್ಲ, ಓದು ಈಗ!"

ಮಾಮ ನೋಟ್‌ಬುಕ್ಕಿನ ಕಡೆ ನೋಡಿದ. "ಗೊತ್..." ಎಂದವನು ಅಲ್ಲಿಗೇ ನಿಲ್ಲಿಸಿದ. ಕಿವಿ ಕೆಂಪಾಯಿತು.

"ಸಾಕು," ಎಂದಳು ಅಮ್ಮ ಪಿಟೀಲಿಗೆ. ದನಿ ಚುರುಕಾಗಿತ್ತು. "ಹೋಗಿ ನನಗೆ ನೀರು ತಗೊಂಡು ಬಾ." ಆಮೇಲೆ ಮಾಮನ ಹೆಗಲ ಮೇಲೆ ಕೈಯಿಟ್ಟು, "ಅಣ್ಣ, ಸ್ವಲ್ಪ ಏಳ್ತೀಯಾ? ಈ ಸಲ ನಾನು ಒತ್ತಿ ನೋಡ್ತೀನಿ," ಎಂದಳು.

ಮಾಮ ಎದ್ದ. ಅಷ್ಟು ಬೇಗ ಏಳುತ್ತಾನೆಂದು ಪಿಟೀಲು ಅಂದುಕೊಂಡಿರಲಿಲ್ಲ.

ಅವಳು ಅಡುಗೆಮನೆಯಲ್ಲಿ ಲೋಟವನ್ನು ಧಡ್ ಎಂದು ಇಟ್ಟು ನೀರು ಬಗ್ಗಿಸಿದಳು. ಕಷ್ಟಪಟ್ಟು ಹಿಡಿದವಳಿಗೆ ಬೈಗುಳ, ಹಾಳುಮಾಡಿದವನಿಗೆ ಉಪಚಾರ. ಇದೆಂಥ ನ್ಯಾಯ?

ಅಮ್ಮ ಮೂವರು ಕಾವಲುಗಾರರನ್ನೂ ಒಬ್ಬೊಬ್ಬರಾಗಿ ಮನೆಗೆ ಕಳಿಸಿದಳು. ಪ್ರತಿ ಕಿಟಕಿಯನ್ನೂ ಕೊನೆಯ ಪದದವರೆಗೆ ಓದಿ ಒತ್ತಿದಳು. ಹಳೇ ಮೆಷೀನು ಏದುಸಿರು ಬಿಡುತ್ತ ಶೇಕಡಾ ಮೂವತ್ತಕ್ಕೆ ಬಂತು, ಅರವತ್ತಕ್ಕೆ ಬಂತು, ಎಂಬತ್ತೊಂದರಲ್ಲಿ ಅರ್ಧ ಗಂಟೆ ನಿಂತು ಎಲ್ಲರ ಜೀವ ಹಿಂಡಿತು. ಯಾರಿಗೂ ಊಟ ಇಳಿಯಲಿಲ್ಲ. ಎರಡು ಗಂಟೆ ಮೂವತ್ತೆಂಟು ನಿಮಿಷಕ್ಕೆ ಪರದೆಯ ಮೇಲೆ ಹೊಸ ಚಿತ್ರ ಬಂತು. ಅದೊಂದು ಸರೋವರ. ಅಮ್ಮ ಒಂದು ಕ್ಷಣ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

ಮೂರಕ್ಕೆ ಎರಡು ನಿಮಿಷವಿರುವಾಗ ಪರೀಕ್ಷೆ ತೆರೆಯಿತು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಇನ್ನೊಬ್ಬರ ದನಿಯೂ ಕೇಳಿಸಬಾರದು ಎಂಬ ನಿಯಮವಿತ್ತು. ಅಜ್ಜಿ ಹೋಗಿ ಮಲಗಿದಳು. ಮಾಮ ಮತ್ತು ಪಿಟೀಲು ಮನೆಯ ಹೊರಗೆ ಮೆಟ್ಟಿಲ ಮೇಲೆ ಕುಳಿತರು.

ಪಿಟೀಲು ನೋಟ್‌ಬುಕ್ಕನ್ನು ಬಿಟ್ಟಿರಲಿಲ್ಲ. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಸಾಣೆ ಹಿಡಿಯುತ್ತಿದ್ದಳು. "ಮಾಮ, ನಿನ್ನ ಅಂಗಡಿಯಲ್ಲಿ ಕೆಲಸ ಖಾಲಿ ಇದ್ರೆ ಹೇಳು, ನಾನು ಬರ್ತೀನಿ." ಇದು ಚೆನ್ನಾಗಿತ್ತು. ಇನ್ನೂ ಚುಚ್ಚುವಂಥದ್ದು ಬೇಕಿತ್ತು.

"ತೋರಿಸು ಅದನ್ನ," ಎಂದ ಮಾಮ.

ಅವಳು ಕೊಟ್ಟಳು. ಮಾಮ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪದದ ಕೆಳಗೆ ಬೆರಳಿಟ್ಟ. ಉಗುರಿನ ಸಂದಿಯಲ್ಲಿ ಬೆಳಗಿನ ಧೂಳು ಇನ್ನೂ ಇತ್ತು.

"ದಿಸ್," ಎಂದ.

"ಹೂಂ."

ಬೆರಳು ಮುಂದಿನ ಪದಕ್ಕೆ ಹೋಯಿತು. ಅಲ್ಲೇ ನಿಂತಿತು. ಪಿಟೀಲು ಕಾದಳು. ಬೆರಳು ಆ ಪದವನ್ನು ಬಿಟ್ಟು ಅದರಾಚೆಯದಕ್ಕೆ ಹಾರಿತು. "ಈಸ್," ಎಂದ ಮಾಮ. ಸಂತೆಯಲ್ಲಿ ಎಷ್ಟೋ ಜನರ ನಡುವೆ ಮುಖ ಪರಿಚಯವಿದ್ದ ಒಬ್ಬಿಬ್ಬರು ಸಿಗುತ್ತಾರಲ್ಲ, ಆ ಸಾಲುಗಳಲ್ಲಿ ಅವನಿಗೆ ಸಿಕ್ಕಿದ್ದು ಅಷ್ಟೇ. ಉದ್ದನೆಯ ಪದಕ್ಕೆ ಬಂದಾಗ ಬೆರಳು ಅದರ ಕೆಳಗೆ ಒಮ್ಮೆ ಹೋಗಿ, ಒಮ್ಮೆ ಬಂದು, ಸುಮ್ಮನಾಯಿತು.

ಮಾಮ ಕನ್ನಡದ ಪೇಪರನ್ನು ಗಡಗಡ ಓದುತ್ತಾನೆ. ಆದರೆ ಇಂಗ್ಲಿಷಿನ ಒಂದು ಸಾಲನ್ನಾದರೂ ಅವನು ಓದಿದ್ದನ್ನು ಪಿಟೀಲು ಎಂದಾದರೂ ಕೇಳಿದ್ದಳೇ? ಎಷ್ಟು ನೆನೆಸಿಕೊಂಡರೂ ಒಂದೂ ನೆನಪಾಗಲಿಲ್ಲ.

ಓದು ಈಗ, ಎಂದು ಅಜ್ಜಿಯ ಎದುರು, ಅಮ್ಮನ ಎದುರು ಕೂಗಿದ್ದು ತನ್ನದೇ ದನಿ. ಅಮ್ಮ ಯಾಕೆ ಅಷ್ಟು ಚುರುಕಾಗಿ ತಡೆದಳು, ಬೆಳಗ್ಗೆಯಿಂದ ಯಾಕೆ ಮೆಲ್ಲಗೆ ಮಾತಾಡುತ್ತಿದ್ದಳು ಎಂದು ಅವಳಿಗೆ ಈಗ ಹೊಳೆಯಿತು. ಸಾಣೆ ಹಿಡಿದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಇದು ಏನು?" ಎಂದು ಮಾಮ ಕೇಳಿದ. ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ.

"ಅದು ನಂಗೂ ಬರ್ಲಿಲ್ಲ ಮಾಮ. ಡಿಕ್ಷನರಿ ನೋಡ್ದೆ. ತುಂಡು ತುಂಡು ಮಾಡಿದ್ರೆ ಸುಲಭ." ಅವಳು ಪೆನ್ಸಿಲಿನಿಂದ ಪದದ ನಡುವೆ ಸಣ್ಣ ಗೆರೆಗಳನ್ನು ಎಳೆದಳು. "ಇನ್... ಕಂ... ಪ್ಯಾ... ಟಿಬಲ್."

"ಇನ್... ಕಂ..."

"ಮೆಲ್ಲಗೆ, ಒಳಗೆ ಕೇಳಿಸುತ್ತೆ."

ಬಾಗಿಲಿನಾಚೆ ಅಮ್ಮ ಕೀಲಿಗಳನ್ನು ಒತ್ತುವ ಸದ್ದು ಒಂದೇ ಸಮನೆ ಬರುತ್ತಿತ್ತು. ಇಬ್ಬರೂ ತಲೆ ಹತ್ತಿರ ತಂದುಕೊಂಡು, ಪಿಸುದನಿಯಲ್ಲಿ ಆ ಪದವನ್ನು ಮುಗಿಸಿ ಎರಡನೇ ಸಾಲಿಗೆ ಹೋದರು.